ಡಾಕ್ಟರೇ ಆರೋಗ್ಯ ಮಂತ್ರಿಯಾದರೆ ಒಳ್ಳೆಯದಲ್ವಾ?

ಸಂಪುಟ ಬದಲಾದಾಗಲೆಲ್ಲ ಯಾರಾದರೊಬ್ಬರು ನನ್ನನ್ನು ಕೇಳಿಯೇ ಕೇಳುತ್ತಾರೆ: "ಆರೋಗ್ಯ ಖಾತೆಯನ್ನು ಡಾಕ್ಟರಿಗೇ ಕೊಡಬೇಕಲ್ವಾ? ರೋಗದ ಗಂಧಗಾಳಿ ಇಲ್ಲದವರಿಗೆ ಯಾಕೆ ಕೊಡ್ತಾರೆ?" ಕೊಟ್ಟರೆ ಬೇಡ ಅನ್ನುವುದಿಲ್ಲ. ಆದರೆ ಬರೀ ಡಿಗ್ರಿ ನೋಡಿ ಖುಷಿಪಡಬೇಡಿ ಅನ್ನುತ್ತೇನೆ.

ದಕ್ಷಿಣ ಆಫ್ರಿಕಾವನ್ನೇ ತಗೊಳ್ಳಿ. 1999ರಿಂದ 2008ರವರೆಗೆ ಅಲ್ಲಿ ಆರೋಗ್ಯ ಮಂತ್ರಿಯಾಗಿದ್ದ ಮಾಂಟೊ ತ್ಶಬಲಾಲಾ-ಮ್ಸಿಮಾಂಗ್ ಲೆನಿನ್‌ಗ್ರಾಡ್‌ನಲ್ಲಿ ಓದಿದ ಡಾಕ್ಟರು. ಏಡ್ಸ್‌ನಿಂದ ಜನ ಸಾಯುತ್ತಿದ್ದಾಗ ಅವರು ಬೆಳ್ಳುಳ್ಳಿ, ಬೀಟ್‌ರೂಟ್, ನಿಂಬೆಹಣ್ಣಿನ ಗುಣಗಾನ ಮಾಡುತ್ತಿದ್ದರು. ತಾಯಿಯಿಂದ ಮಗುವಿಗೆ ಸೋಂಕು ತಗುಲದಂತೆ ತಡೆಯುವ ನೆವಿರಪಿನ್ ಔಷಧಿಯನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಡಿ ಅಂತ 2002ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯವೇ ಹೇಳಬೇಕಾಯಿತು. ಅವರ ನಂತರ ಕೆಲವೇ ತಿಂಗಳು ಆ ಕುರ್ಚಿಯಲ್ಲಿ ಕೂತ ಬಾರ್ಬರಾ ಹೋಗನ್ ಡಾಕ್ಟರಲ್ಲ. ಎಚ್‌ಐವಿಯಿಂದಲೇ ಏಡ್ಸ್ ಬರುತ್ತದೆ ಅಂತ ನೇರವಾಗಿ ಹೇಳಿ ದಾರಿ ತಿರುಗಿಸಿದ್ದು ಅವರು. 2009ರಲ್ಲಿ ಬಂದ ಆರನ್ ಮೊಟ್ಸೊಲೆದಿ ಮತ್ತೆ ಡಾಕ್ಟರು. ಅವರ ಕಾಲದಲ್ಲಿ ಚಿಕಿತ್ಸೆ ಲಕ್ಷಾಂತರ ಜನರನ್ನು ತಲುಪಿತು. ಈಗ ಹೇಳಿ, ಡಿಗ್ರಿಯಿಂದ ಏನು ತೀರ್ಮಾನವಾಯಿತು?

ಬ್ರಿಟನ್ನಿನಲ್ಲಿ 1948ರ ಜುಲೈ 5ರಂದು ಎಲ್ಲರಿಗೂ ಉಚಿತ ಚಿಕಿತ್ಸೆ ಶುರುಮಾಡಿಸಿದ ಅನೂರಿನ್ ಬೆವನ್ ಹಿಂದೆ ಕಲ್ಲಿದ್ದಲು ಗಣಿಯಲ್ಲಿ ದುಡಿದವರು. ಆ ಯೋಜನೆಗೆ ಅಡ್ಡ ನಿಂತದ್ದು ಯಾರು ಗೊತ್ತಾ? ವೈದ್ಯರ ಸಂಘ! ನಮ್ಮ ಮೊದಲ ಆರೋಗ್ಯ ಮಂತ್ರಿ, ಏಮ್ಸ್ ಕಟ್ಟಿಸಿದ ರಾಜಕುಮಾರಿ ಅಮೃತ್ ಕೌರ್ ಕೂಡ ಡಾಕ್ಟರಲ್ಲ.

ಹಾಗಂತ ಓದಿದ ವೈದ್ಯಕೀಯ ದಂಡ ಅಂತಲ್ಲ. ಹರ್ಷವರ್ಧನ್ ಕಿವಿ-ಮೂಗು-ಗಂಟಲಿನ ಸರ್ಜನ್. 2014ರಲ್ಲಿ ಕೇಂದ್ರದ ಆರೋಗ್ಯ ಮಂತ್ರಿಯಾಗುವ ಎಷ್ಟೋ ಮೊದಲು ದೆಹಲಿ ಸರ್ಕಾರದಲ್ಲಿ ಅದೇ ಖಾತೆ ಅವರ ಕೈಯಲ್ಲಿತ್ತು. 1994ರ ಅಕ್ಟೋಬರ್ 2ರಂದು ಅಲ್ಲಿ ಪಲ್ಸ್ ಪೋಲಿಯೊ ನಡೆಸಿದರು. ಮರುವರ್ಷ ಅದು ದೇಶಕ್ಕೆಲ್ಲ ಬಂತು. ಊರಿನ ಮಕ್ಕಳಿಗೆಲ್ಲ ಒಟ್ಟೊಟ್ಟಿಗೆ ಹನಿ ಹಾಕಿದರೆ ವೈರಸ್ಸಿಗೆ ನೆಲೆಯೇ ಸಿಗುವುದಿಲ್ಲ ಅನ್ನುವುದನ್ನು ಡಾಕ್ಟರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟು ಮಟ್ಟಿಗೆ ಓದು ಕೆಲಸಕ್ಕೆ ಬಂತು.

ಆಮೇಲಿನದೆಲ್ಲ ಬೇರೆಯೇ ಕಸುಬು. ಐಸ್ ತುಂಬಿದ ಲಸಿಕೆ ಡಬ್ಬ ಹೊತ್ತು ಮನೆಮನೆ ಅಲೆಯಬೇಕು. ಹನಿ ಹಾಕಿದ ಮಗುವಿನ ಕಿರುಬೆರಳಿಗೆ ಶಾಯಿ ಹಚ್ಚಬೇಕು. ಮನೆಯ ಮಕ್ಕಳಿಗೆಲ್ಲ ಹಾಕಿ ಮುಗಿದರೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ 'ಪಿ' ಅಂತ ಗುರುತು. ಮಗು ಸಿಗಲಿಲ್ಲ, ಮನೆಯವರು ಒಪ್ಪಲಿಲ್ಲ ಅಂದರೆ 'ಎಕ್ಸ್'. ಆ ಎಕ್ಸ್ ಮನೆಗೆ ಮತ್ತೆ ಹೋಗಬೇಕು. ಇದು ವರ್ಷಗಟ್ಟಲೆ ನಡೆಯಿತು. ನಡುವೆ ಬಂದುಹೋದ ಕೇಂದ್ರ ಮಂತ್ರಿಗಳಲ್ಲಿ ಡಾಕ್ಟರರಲ್ಲದವರೂ ಇದ್ದರು. 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಸಿಕ್ಕಿದ್ದೇ ನಮ್ಮ ದೇಶದ ಕೊನೆಯ ವೈಲ್ಡ್ ಪೋಲಿಯೊ (ಅಂದರೆ ಲಸಿಕೆಯಿಂದಲ್ಲದೆ ತಾನಾಗಿ ಹರಡುವ ವೈರಸ್ಸಿನ) ಕೇಸು.

ಕ್ಲಿನಿಕ್ಕಿನಲ್ಲಿ ರೋಗಿ ತಾನಾಗಿ ಬಂದು ಎದುರಿಗೆ ಕೂರುತ್ತಾನೆ. ಮಂತ್ರಿಯಾದವರು ಬಾರದೇ ಉಳಿದವರ ಲೆಕ್ಕ ಇಡಬೇಕು. ಚೀಟಿ ಬರೆದುಕೊಟ್ಟರೆ ಔಷಧಿ ಬಂದುಬಿಡುತ್ತದೆ ಅನ್ನುವ ಅಭ್ಯಾಸ ದೆಹಲಿಯಲ್ಲಿ ನಡೆಯುವುದಿಲ್ಲ. ನಮ್ಮ ಸಂವಿಧಾನದಲ್ಲಿ ಆಸ್ಪತ್ರೆಗಳು ರಾಜ್ಯಗಳ ಪಟ್ಟಿಯಲ್ಲಿವೆ, ಅಂದರೆ ಅವು ರಾಜ್ಯಗಳ ಹೊಣೆ. ರಾಜ್ಯಗಳನ್ನು ಒಪ್ಪಿಸಬೇಕು, ಹಣಕಾಸು ಇಲಾಖೆಯ ಹತ್ತಿರ ದುಡ್ಡು ಬಿಚ್ಚಿಸಬೇಕು.

ಡಾಕ್ಟರ್ ಮಂತ್ರಿಗೆ ಇನ್ನೊಂದು ಕಷ್ಟವಿದೆ, ಅದನ್ನು ಯಾರೂ ಜಾಸ್ತಿ ಮಾತಾಡುವುದಿಲ್ಲ. ಮೆಡಿಕಲ್ ಕಾಲೇಜುಗಳಿಗೆ, ಖಾಸಗಿ ಆಸ್ಪತ್ರೆಗಳ ದರಕ್ಕೆ ಕಡಿವಾಣ ಹಾಕಬೇಕಾದಾಗ ಎದುರಿಗೆ ಕೂರುವವರು ತಮ್ಮದೇ ಸಹಪಾಠಿಗಳು, ತಮ್ಮದೇ ಗುರುಗಳು. ಒಳಗಿನ ಮರ್ಮವೆಲ್ಲ ಗೊತ್ತಿರುವುದು ಅಲ್ಲಿ ದೊಡ್ಡ ಬಲ. ಮುಲಾಜು ಮಾತ್ರ ಅದಕ್ಕಿಂತ ದೊಡ್ಡದು.

ಹಾಗಾಗಿ ಹೊಸ ಆರೋಗ್ಯ ಮಂತ್ರಿ ಬಂದಾಗ ಹೆಸರಿನ ಹಿಂದೆ 'ಡಾ.' ಇದೆಯಾ ಅಂತ ನಾನು ಮೊದಲು ನೋಡುವುದಿಲ್ಲ. ಮೊದಲ ಬಜೆಟ್ಟಿನಲ್ಲಿ ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಎಷ್ಟು ಕೊಟ್ಟರು, ರಿಬ್ಬನ್ ಕತ್ತರಿಸುವ ದೊಡ್ಡ ಕಟ್ಟಡಗಳಿಗೆ ಎಷ್ಟು ಇಟ್ಟರು ಅಂತ ನೋಡುತ್ತೇನೆ.