ಎರಡಡಿ ಗೋಡೆ, ಎಂಟು ಎಳೆ ವಾಯರು

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮದು ಹಳೆಯ ಹೆಂಚಿನ ಮನೆ. ಮಾವನ ಅಪ್ಪ ಕಟ್ಟಿಸಿದ್ದು. ಗೋಡೆ ಕಲ್ಲು ಮಣ್ಣಿನದು, ಎರಡಡಿ ದಪ್ಪ. ಕಿಟಕಿಯ ಕಟ್ಟೆ ಮೇಲೆ ಒಂದು ಮಗು ಆರಾಮಾಗಿ ಮಲಗಬಹುದು. ನನ್ನ ಮಗ ಮಲಗಿದ್ದಾನೆ ಕೂಡ. ಬೇಸಿಗೆಯಲ್ಲಿ ಬಂದವರೆಲ್ಲ ಈ ಗೋಡೆಯನ್ನು ಹೊಗಳಿ ಹೋಗುತ್ತಾರೆ. ನಾನು ಮಾತ್ರ ಎರಡು ವರ್ಷ ಅದನ್ನು ಬೈಯುತ್ತಾ ಕಳೆದೆ. ಕಾರಣ ವೈಫೈ.

ನನ್ನ ಕೆಲಸ ಬೆಂಗಳೂರಿನ ಕಂಪನಿಯದು, ಕೂರುವುದು ಹಿತ್ತಲ ಕಡೆಯ ಕೋಣೆಯಲ್ಲಿ. ಫೈಬರ್ ವಾಯರು ಮನೆಯೊಳಗೆ ಬರುವುದು ಪಡಸಾಲೆಗೆ. ನಡುವೆ ಮೂರು ಗೋಡೆ. ಒಂದು ದಿನ ಸಿಟ್ಟು ಬಂದು ಮೊಬೈಲ್ ಹಿಡಿದುಕೊಂಡು ಸ್ಪೀಡ್ ಅಳೆಯುತ್ತಾ ಮನೆ ತುಂಬ ನಡೆದೆ. ರೌಟರ್ ಪಕ್ಕ 94 ಎಂಬಿಪಿಎಸ್. ನಡುಮನೆಯಲ್ಲಿ 38. ಅಡುಗೆ ಮನೆ ಬಾಗಿಲಲ್ಲಿ 11. ನನ್ನ ಮೇಜಿನ ಹತ್ತಿರ 2, ಅದೂ ಬಾಗಿಲು ತೆರೆದಿಟ್ಟರೆ. ಮೀಟಿಂಗಿನಲ್ಲಿ ನಾನು ಬಾಯಿ ತೆರೆದ ಹಾಗೇ ನಿಂತುಬಿಡುತ್ತಿದ್ದೆ. ಅದರ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕುವ ಗೆಳತಿಯರೂ ಇದ್ದಾರೆ.

ರೌಟರ್ ಎರಡು ಬಗೆಯ ಅಲೆ ಬಿಡುತ್ತದೆ. 5 ಗಿಗಾಹರ್ಟ್ಸ್‌ನದು ಓಟದಲ್ಲಿ ಜೋರು, ಗೋಡೆ ಕಂಡರೆ ಸುಸ್ತು. 2.4ರದು ನಿಧಾನ, ಆದರೆ ಗೋಡೆ ದಾಟುವ ತಾಕತ್ತು ಸ್ವಲ್ಪ ಜಾಸ್ತಿ. ನಮ್ಮ ಗೋಡೆ ಮುಂದೆ ಎರಡೂ ಕೈಮುಗಿದವು. ಆಗ ಎಲ್ಲರೂ ಮಾಡುವ ಹಾಗೆ ನಾನೂ ಪ್ಲಗ್ಗಿಗೆ ಚುಚ್ಚುವ ರಿಪೀಟರ್ ತಂದೆ. ಅದು ತನಗೆ ಸಿಕ್ಕಿದ್ದನ್ನೇ ತಾನೇ ಮುಂದಕ್ಕೆ ದಾಟಿಸಬೇಕು. ಲಗ್ನದ ಪಂಕ್ತಿಯಲ್ಲಿ ಒಬ್ಬನೇ ಅಡುಗೆ ಮನೆಗೂ ಓಡಿ, ಬಡಿಸಲೂ ನಿಂತ ಹಾಗೆ. ಬಂದದ್ದರಲ್ಲಿ ಅರ್ಧ ದಾರಿಯಲ್ಲೇ ಖರ್ಚು.

ಕೊನೆಗೆ ದಾರಿ ಹೇಳಿದ್ದು ನಮ್ಮ ವಾಯರಮನ್. ಫ್ಯಾನ್ ರಿಪೇರಿಗೆ ಬಂದವನು ನನ್ನ ಗೋಳು ಕೇಳಿ, "ಅಕ್ಕಾರ, ಗಾಳಿಗೆ ಯಾಕ ಜೋತು ಬೀಳ್ತೀರಿ? ಅಟ್ಟದ ಮ್ಯಾಲಿಂದ ವಾಯರ್ ಎಳದ್ರ ಮುಗೀತು" ಎಂದ. ಎಷ್ಟು ಸರಳ, ಅಲ್ವಾ? ಐಟಿ ಕೆಲಸದವಳು ನಾನು. ನನಗೆ ಹೊಳೆದಿರಲಿಲ್ಲ.

ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋದೆ. ಮೊದಲನೇ ಅಂಗಡಿಯಲ್ಲಿ ಕ್ಯಾಟ್-6 ಎನ್ನುವ ನೆಟ್‌ವರ್ಕ್ ಕೇಬಲ್ ಬಹಳ ಸೋವಿ ಇತ್ತು. ಆಫೀಸಿನ ನೆಟ್‌ವರ್ಕ್ ಹುಡುಗ ಮೊದಲೇ ಹೇಳಿ ಕಳಿಸಿದ್ದ, ತುದಿ ಸುಲಿದು ಬ್ಲೇಡಿನಿಂದ ಕೆರೆದು ನೋಡು ಅಂತ. ಕೆರೆದೆ. ಕೆಂಪಿನ ಕೆಳಗೆ ಬೆಳ್ಳಗೆ ಮಿಂಚಿತು. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ, ಬೆಳ್ಳಿ ಸರಕ್ಕೆ ಬಂಗಾರದ ನೀರು ಕುಡಿಸಿದ ಹಾಗೆ. ಅದು ಬೇಗ ಮುರಿಯುತ್ತದೆ, ದೂರ ಹೋದಂತೆ ಸೊರಗುತ್ತದೆ. ಎರಡನೇ ಅಂಗಡಿಯಲ್ಲಿ ಕೆರೆದಷ್ಟೂ ಕೆಂಪು. ಮೂವತ್ತು ಮೀಟರ್ ತೆಗೆದುಕೊಂಡು ಸುರುಳಿ ತೊಡೆ ಮೇಲಿಟ್ಟುಕೊಂಡು ಮನೆಗೆ ಬಂದೆ. ಒಳ್ಳೆ ಕೇಬಲ್ಲು ನೂರು ಮೀಟರಿನವರೆಗೂ ಸ್ಪೀಡ್ ಕಳೆದುಕೊಳ್ಳುವುದಿಲ್ಲ. ನಮ್ಮ ಮನೆ ಅದಕ್ಕೆ ಲೆಕ್ಕವೇ ಅಲ್ಲ.

ಅಟ್ಟದ ಮೇಲೆ ಇಲಿ ಕಾಟ. ಅದಕ್ಕೆ ಪೂರ್ತಿ ಪಿವಿಸಿ ಪೈಪಿನೊಳಗೆ ಎಳೆದೆವು. ಕರೆಂಟಿನ ಹಳೆ ವಾಯರಿಂಗಿನಿಂದ ಒಂದಡಿ ದೂರ. ಜಂತಿಯ ಸಂದಿಯಿಂದ ಕೇಬಲ್ ನನ್ನ ಕೋಣೆಗೆ ಇಳಿಯಿತು. ವಾಯರಮನ್ ಹೊರಟುಹೋದ. ತುದಿಗೆ ಕನೆಕ್ಟರ್ ಕೂರಿಸುವುದು ನನ್ನ ಪಾಲಿಗೆ ಬಂತು.

ಈ ಕೆಲಸ ನೋಡದವರಿಗೆ ಹೇಳುತ್ತೇನೆ. ಕೇಬಲ್ ಒಳಗೆ ಎಂಟು ಎಳೆ ಇರುತ್ತವೆ, ಎರಡೆರಡು ಹೊಸೆದುಕೊಂಡು. ಅವನ್ನು ಬಿಡಿಸಿ, ನೆಟ್ಟಗೆ ಮಾಡಿ, ಬಣ್ಣದ ಸಾಲಿನಲ್ಲಿ ಹಿಡಿದು, ಒಂದೇ ಸಮ ಕತ್ತರಿಸಿ, ಹಿಡಿ ಸಡಿಲಾಗುವ ಮೊದಲು ಕನೆಕ್ಟರಿಗೆ ತುರುಕಬೇಕು. ಆಮೇಲೆ ಇಕ್ಕಳದಲ್ಲಿ ಒತ್ತಬೇಕು. ನಾನು ಎರಡು ಸಲ ಮಾಡಿದೆ. ಟೆಸ್ಟರ್ ಹಚ್ಚಿದರೆ ಒಂದರಿಂದ ಆರರವರೆಗೆ ದೀಪ ಮಿನುಗುತ್ತದೆ, ಏಳನೆಯದು ಕತ್ತಲೆ. ಎರಡು ಕನೆಕ್ಟರ್ ಕಸಕ್ಕೆ ಹೋದವು.

ಅತ್ತೆ ಅಲ್ಲೇ ಕೂತು ಗೆಜ್ಜೆವಸ್ತ್ರ ಮಾಡುತ್ತಿದ್ದರು. ಕನ್ನಡಕ ಏರಿಸಿ ನನ್ನ ಬೆರಳನ್ನೇ ಸ್ವಲ್ಪ ಹೊತ್ತು ನೋಡಿದರು. "ಕೊಡಿಲ್ಲೆ. ಬಣ್ಣ ಹೇಳ್ಕೋತ ಹೋಗು" ಎಂದರು. ನಾನು ಹೇಳುತ್ತಾ ಹೋದೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಐವತ್ತು ವರ್ಷ ಹತ್ತಿ ಹೊಸೆದ ಬೆರಳು. ಒಂದೊಂದು ಎಳೆಯನ್ನೂ ಹೆಬ್ಬೆರಳಿನ ಉಗುರಿನ ಮೇಲೆ ಎಳೆದು ನೆಟ್ಟಗೆ ಮಾಡಿ, ಎಂಟನ್ನೂ ಚಾಪೆ ಹೆಣೆದಂತೆ ಸಾಲಾಗಿ ಹಿಡಿದು ಕೊಟ್ಟರು. ಕತ್ತರಿಸಿದೆ, ತುರುಕಿದೆ, ಒತ್ತಿದೆ. ಎಂಟೂ ದೀಪ ಹತ್ತಿದವು.

"ಇದನ್ಯಾಕ ಇಷ್ಟು ಹೊಸದಿರ್ತಾರ?" ಎಂದು ಅತ್ತೆ ಕೇಳಿದರು. ಒಂದು ಜೋಡಿಯ ಗದ್ದಲ ಇನ್ನೊಂದಕ್ಕೆ ತಾಗಬಾರದಲ್ಲ, ಅದಕ್ಕೆ ಎಂದೆ. "ನಾನು ಲಗ್ನಾಗಿ ಬಂದಾಗ ಈ ಮನ್ಯಾಗ ಹದಿನಾಲ್ಕು ಮಂದಿ ಇದ್ವಿ. ಹಿಂಗ ಹೊಸದು ಇಟ್ಟಿದ್ರ ಚಲೋ ಇತ್ತು" ಎಂದರು.

ಆ ಕೇಬಲ್ ತುದಿಗೆ ಒಂದು ಆಕ್ಸೆಸ್ ಪಾಯಿಂಟ್, ಅಂದರೆ ವಾಯರಿನಲ್ಲಿ ಬಂದ ನೆಟ್ಟನ್ನು ವೈಫೈ ಮಾಡಿ ಬಿಡುವ ಡಬ್ಬಿ, ಹಚ್ಚಿದೆ. ಮೇಜಿನ ಹತ್ತಿರ ಈಗ 92.

ನೆಟ್ ಸರಿಹೋಯಿತಲ್ಲ, ನನಗೆ ಹುಮ್ಮಸ್ಸು ಬಂತು. ಫೋನಿನಿಂದ ಹತ್ತಿಸಿ ಆರಿಸುವ ಬಣ್ಣದ ಬಲ್ಬು ನಾಲ್ಕು ತರಿಸಿದೆ. ಇದು ನನ್ನ ಎರಡನೇ ದಡ್ಡತನ. ಅತ್ತೆಗೆ ಕೋಣೆಯಿಂದ ಹೊರಗೆ ಬರುವಾಗ ಕೈ ತಾನಾಗಿ ಸ್ವಿಚ್ಚಿಗೆ ಹೋಗುತ್ತದೆ. ಟಕ್. ಗೋಡೆಯ ಸ್ವಿಚ್ ಆರಿಸಿದ ಮೇಲೆ ಸ್ಮಾರ್ಟ್ ಬಲ್ಬಿಗೆ ಜೀವವೇ ಇಲ್ಲ, ಫೋನಿನಲ್ಲಿ ಎಷ್ಟು ಒತ್ತಿದರೂ 'ಆಫ್‌ಲೈನ್'. ಸ್ವಿಚ್ಚಿನ ಮೇಲೆ 'ಆರಿಸಬೇಡಿ' ಅಂತ ಚೀಟಿ ಅಂಟಿಸಿದೆ. ಮಾವ ಅದನ್ನು ಓದಿ, "ಆರಿಸಬಾರದ್ದಕ್ಕ ಗುಂಡಿ ಯಾಕ ಇಟ್ಟಾರ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದೇ ವಾರ ಜಿಟಿಜಿಟಿ ಮಳೆ. ರಾತ್ರಿ ಕರೆಂಟ್ ಹೋಯಿತು. ಎರಡು ಗಂಟೆಗೆ ವಾಪಸ್ ಬಂದಾಗ ನಾಲ್ಕೂ ಬಲ್ಬು ಒಟ್ಟಿಗೆ, ಪೂರ್ತಿ ಬೆಳಕಿನಲ್ಲಿ ಹತ್ತಿಕೊಂಡವು. ಕರೆಂಟ್ ಬಂದಾಗ ಏನು ಮಾಡಬೇಕು ಎನ್ನುವ ಸೆಟ್ಟಿಂಗ್ ಒಂದಿದೆ, ನಾನು ನೋಡಿರಲಿಲ್ಲ. ಮಾವ ಎದ್ದು ಕೂತು ಬೆಳಗಾಯಿತೆಂದು ಹಲ್ಲುಜ್ಜಲು ಹೋದರು.

ಮತ್ತೆ ವಾಯರಮನ್‌ನನ್ನೇ ಕರೆದೆ. ಬೆಂಕಿಪೊಟ್ಟಣದಷ್ಟು ದೊಡ್ಡ ಮಾಡ್ಯೂಲ್ ಬರುತ್ತದೆ, ಸ್ವಿಚ್ಚಿನ ಹಿಂದೆ ಬೋರ್ಡಿನೊಳಗೆ ಕೂರುತ್ತದೆ. ಗುಂಡಿ ಒತ್ತಿದರೂ ಹತ್ತುತ್ತದೆ, ಫೋನಿನಿಂದಲೂ ಹತ್ತುತ್ತದೆ. ಬಲ್ಬು ಸಾದಾದ್ದೇ ಸಾಕು. ಆದರೆ ನಾವು ತಂದ ಮಾಡ್ಯೂಲಿಗೆ ಫೇಜ್ (ಕರೆಂಟ್ ಬರುವ ತಂತಿ) ಜೊತೆ ನ್ಯೂಟ್ರಲ್ಲೂ (ವಾಪಸ್ ಹೋಗುವ ತಂತಿ) ಬೇಕು. ಪಡಸಾಲೆಯ ಬೋರ್ಡಿನಲ್ಲಿ ಪ್ಲಗ್ ಪಾಯಿಂಟ್ ಇತ್ತು, ಹಾಗಾಗಿ ನ್ಯೂಟ್ರಲ್ ಬಂದಿತ್ತು. ಕಟ್ಟೆಯ ದೀಪದ್ದು ಒಂಟಿ ಸ್ವಿಚ್. ಅದನ್ನು ಬಿಚ್ಚಿ ನೋಡಿ, "ಇದರಾಗ ಬರೇ ಫೇಜ್ ಬಂದು ಫೇಜ್ ಹೊಂಟೈತ್ರಿ ಅಕ್ಕಾರ, ನ್ಯೂಟ್ರಲ್ ಇಲ್ಲ" ಎಂದ. ಹಾಗೇ ಬಿಟ್ಟೆವು. ಕಟ್ಟೆಯ ದೀಪ ಇವತ್ತಿಗೂ ದಡ್ಡ ದೀಪವೇ. ಯಾರಿಗೂ ಏನೂ ಕೊರತೆಯಾಗಿಲ್ಲ.

ಬೋರ್ಡ್ ಬಿಚ್ಚಿದ್ದರಿಂದ ಇನ್ನೊಂದು ಬಣ್ಣ ಬಯಲಾಯಿತು. ಕಟ್ಟಿಗೆ ಬೋರ್ಡಿನ ಹಿಂದೆ ವಾಯರಿನ ರಬ್ಬರ್ ಮುಟ್ಟಿದರೆ ಪುಡಿಯಾಗುತ್ತಿತ್ತು. ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ತಂತಿ, ಸರಿಯಿದೆಯೇ ನೋಡಲು ಅವನು ಫೇಜಿಗೂ ಅರ್ಥಿಂಗಿಗೂ ನಡುವೆ ಒಂದು ಗುಂಡು ಬಲ್ಬು ಹಚ್ಚಿದ. (ಇದನ್ನು ನೀವು ಮನೆಯಲ್ಲಿ ಮಾಡಲು ಹೋಗಬೇಡಿ, ವಾಯರಮನ್ ಕೈಯಲ್ಲೇ ಮಾಡಿಸಿ.) ಬಲ್ಬು ಜೋರಾಗಿ ಉರಿಯಬೇಕಿತ್ತು. ಊದುಬತ್ತಿಯ ಕೆಂಡದ ಹಾಗೆ ಮಿಣುಕಿತು. ಹಿತ್ತಲಿನ ಅರ್ಥಿಂಗ್ ಗುಂಡಿ ಪೂರ್ತಿ ಒಣಗಿತ್ತು. ಅಗೆದು, ಇದ್ದಿಲು ಉಪ್ಪು ತುಂಬಿ, ಹೊಸ ಪೈಪ್ ಹುಗಿದು ನೀರು ಹಾಕಿದ್ದಾಯಿತು. ಹಳೆ ವಾಯರ್ ತೆಗೆಸಿದೆ. ಮೇನ್ ಹತ್ತಿರ ಆರ್‌ಸಿಸಿಬಿ ಹಾಕಿಸಿದೆ. 30 ಮಿಲಿ ಆಂಪಿಯರ್ ಸೋರಿದರೆ ಅದು ಕರೆಂಟನ್ನೇ ಕಡಿದುಬಿಡುತ್ತದೆ. ಇಡೀ ಖರ್ಚಿನಲ್ಲಿ ಜಾಸ್ತಿ ಹೋದದ್ದು ಇದಕ್ಕೇ, ಕಣ್ಣಿಗೆ ಕಾಣದ ಕೆಲಸಕ್ಕೆ. ಬಂದ ನೆಂಟರಿಗೆ ತೋರಿಸಲು ಏನೂ ಇಲ್ಲ.

ಮನೆಯವರಿಗೆಲ್ಲ ಇಷ್ಟವಾದದ್ದು ಒಂದೇ ದೀಪ. ಬಚ್ಚಲಿಗೆ ಹೋಗುವ ದಾರಿಯಲ್ಲಿ ಎರಡು ಮೆಟ್ಟಿಲು ಇಳಿಯಬೇಕು. ಅಲ್ಲಿ ಮೊಳಕಾಲಿನ ಎತ್ತರಕ್ಕೆ ಒಂದು ಸೆನ್ಸರ್ ದೀಪ ಹಚ್ಚಿದೆ. ಮೈ ಶಾಖ ಅಲುಗಾಡಿದ್ದನ್ನು ಕಂಡು ತಾನೇ ಹತ್ತುತ್ತದೆ, ತಾನೇ ಆರುತ್ತದೆ. ಆ್ಯಪ್ ಇಲ್ಲ, ಪಾಸ್‌ವರ್ಡ್ ಇಲ್ಲ. ಬೆಕ್ಕು ಹೋದರೂ ಹತ್ತುತ್ತದೆ, ಅಷ್ಟೇ ತಕರಾರು. ಮಾತಾಡುವ ಸ್ಪೀಕರನ್ನೂ ತಂದಿದ್ದೆ. ಅದಕ್ಕೆ ಹಿಂದಿ, ಇಂಗ್ಲಿಷ್ ಬರುತ್ತದೆ, ಕನ್ನಡ ಬರುವುದಿಲ್ಲ. ಮಾವ ಎರಡು ದಿನ ಹಿಂದಿಯಲ್ಲಿ ಅದರ ಜೊತೆ ಗುದ್ದಾಡಿದರು. ಮೂರನೇ ದಿನ ಅದರ ಮೇಲೆ ಟವೆಲ್ ಹಾಕಿದರು.

ಮಾವನಿಗೆ ಬೇಕಾದದ್ದು ಬೇರೆ. ಅವರೂ ಧಾರವಾಡ ಆಕಾಶವಾಣಿಯೂ 1950ರವರು, ಒಂದೇ ವಯಸ್ಸು. ಅಟ್ಟದ ಟ್ರಂಕಿನಲ್ಲಿ ಅವರು ರೇಡಿಯೋದಿಂದ ಹಿಡಿದಿಟ್ಟ ಅರವತ್ತೆರಡು ಕ್ಯಾಸೆಟ್ ಇವೆ. ಮಲ್ಲಿಕಾರ್ಜುನ ಮನಸೂರರದು, ಗಂಗೂಬಾಯಿ ಹಾನಗಲ್ಲರದು, ಬಸವರಾಜ ರಾಜಗುರುಗಳದು. ಹೆಸರೆಲ್ಲ ಪೆನ್ಸಿಲಿನಲ್ಲಿ ಬರೆದಿದ್ದು. ಕೇಬಲ್ ಎಳೆಯಲು ಅಟ್ಟ ಹತ್ತಿದಾಗ ಟ್ರಂಕು ಕೆಳಗೆ ಬಂತು. ಟೇಪ್‌ರೆಕಾರ್ಡರಿನ ಬೆಲ್ಟ್ ಕರಗಿ ಡಾಂಬರಿನಂತೆ ಅಂಟಿತ್ತು. ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಹೊಸ ಬೆಲ್ಟ್ ಹಾಕಿಸಿದೆ.

ಪಡಸಾಲೆಯಲ್ಲಿ ಆಂಪ್ಲಿಫೈಯರ್, ಎರಡು ಸ್ಪೀಕರ್ ಇಟ್ಟೆ. ಟಿವಿಯ ದನಿಯೂ ಎಚ್‌ಡಿಎಂಐ ವಾಯರಿನಲ್ಲಿ ಅದಕ್ಕೇ ಬರುತ್ತದೆ. ಮೊದಲ ದಿನ ಎರಡು ತೊಂದರೆ. ಒಂದು, ಶಹಾಬಾದ ಫರಸಿಯ ನೆಲ, ಖಾಲಿ ಗೋಡೆ. ದನಿ ಗುಡಿಯೊಳಗೆ ಹಾಡಿದಂತೆ ಗುಂಯ್ಗುಟ್ಟಿ ಮಾತೇ ತಿಳಿಯುತ್ತಿರಲಿಲ್ಲ. ಬೀರುವಿನಲ್ಲಿ ಮಡಚಿಟ್ಟಿದ್ದ ನವಲಗುಂದದ ಜಮಖಾನ ತಂದು ಹಾಸಿದೆ, ಸ್ಪೀಕರನ್ನು ಗೋಡೆಯಿಂದ ಎರಡಡಿ ಮುಂದೆ ಸರಿಸಿದೆ. ಗುಂಯ್ ಅರ್ಧಕ್ಕರ್ಧ ಇಳಿಯಿತು. ಹೊಸ ಸ್ಪೀಕರ್ ಕೊಳ್ಳುವ ಮೊದಲು ಮನೆಯಲ್ಲಿರುವ ಜಮಖಾನ ಹಾಸಿ ನೋಡಿ.

ಎರಡನೆಯದು, ಕಂಪ್ಯೂಟರ್ ಜೋಡಿಸಿದ ಕೂಡಲೇ ಹಿಂದಿನಿಂದ ಒಂದೇ ಸಮನೆ ಹೂಂ ಎನ್ನುವ ಸದ್ದು. ಮಾವ ಕಿವಿಗೊಟ್ಟು ಕೇಳಿ, "ಈ ತಂಬೂರಿ ಯಾರು ಹಚ್ಯಾರ? ಪಂಚಮಕ್ಕೂ ಇಲ್ಲ, ಷಡ್ಜಕ್ಕೂ ಇಲ್ಲ" ಎಂದರು. ಅದು ಕರೆಂಟಿನ ಸದ್ದು. ಕಂಪ್ಯೂಟರ್ ಒಂದು ಬೋರ್ಡಿನಲ್ಲಿ, ಆಂಪ್ಲಿಫೈಯರ್ ಇನ್ನೊಂದರಲ್ಲಿ. ಎರಡರ ಅರ್ಥಿಂಗ್ ನಡುವಿನ ವ್ಯತ್ಯಾಸ ಆಡಿಯೋ ವಾಯರಿನೊಳಗೆ ಹರಿಯುತ್ತಿತ್ತು. ಎರಡನ್ನೂ ಒಂದೇ ಬೋರ್ಡಿಗೆ ಹಾಕಿದೆ. ತಂಬೂರಿ ನಿಂತಿತು.

ಈಗ ರಾತ್ರಿ ಊಟವಾದ ಮೇಲೆ ದಿನಕ್ಕೊಂದು ಕ್ಯಾಸೆಟ್ ಕಂಪ್ಯೂಟರಿಗೆ ಇಳಿಸುತ್ತೇವೆ. ಬೇಗ ಓಡಿಸುವ ಹಾಗಿಲ್ಲ. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಅರವತ್ತು ನಿಮಿಷ ಕೂರಲೇಬೇಕು. ಮಾವ ಆಗ ರೇಡಿಯೋ ಮುಂದೆ ಟೇಪ್‌ರೆಕಾರ್ಡರ್ ಇಟ್ಟು ಹಿಡಿದಿದ್ದರಿಂದ ಹಾಡಿನ ಜೊತೆ ಮನೆಯ ಸದ್ದೂ ಇದೆ. ಸೈಕಲ್ ಗಂಟೆ ಇದೆ, ಯಾರೋ ಕೆಮ್ಮಿದ್ದು ಇದೆ. ಮೊನ್ನೆಯದರಲ್ಲಿ ಮನಸೂರರ ಆಲಾಪದ ನಡುವೆ ಕುಕ್ಕರ್ ಕೂಗಿತು. ಮಾವ ಮುಖ ಕಿವುಚಿದರು. ಬೇಕಾದರೆ ಸೀಟಿ ತೆಗೆದುಹಾಕಬಹುದು, ಸಾಫ್ಟ್‌ವೇರ್ ಇದೆ ಎಂದೆ.

ಅಡುಗೆ ಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಬೆರಳು ಮಡಚಿ ಎಣಿಸುತ್ತಿದ್ದರು.

"ಆರು ಸೀಟಿ ಆತು," ಎಂದರು. "ಬ್ಯಾಳಿಗೆ ಮೂರ ಸಾಕಿತ್ತು. ಇವರು ಪಡಸಾಲ್ಯಾಗ ಹಾಡು ಹಿಡಕೋತ ಕೂತು ನನ್ನನ್ನ ಅಲುಗಾಡಬ್ಯಾಡ ಅಂದಿದ್ರು ನೋಡು, ಅವತ್ತಿಂದು ಇದು."