ಟಕ್ ಅಂದರೆ ಸಾಕಾ?

ತೀರ್ಥಹಳ್ಳಿ, 14 ಜುಲೈ 2024, ಭಾನುವಾರ

ಮಳೆ ಬಿಡುವ ಲಕ್ಷಣವೇ ಇಲ್ಲ. ಅಪ್ಪ ಮಾತ್ರ ನಾಳೆ ಸಂಜೆ ಹೆಬ್ರಿಗೆ ಹೊರಟೇ ಹೊರಡುತ್ತಾರಂತೆ. ಅತ್ತೆಗೆ ಹುಷಾರಿಲ್ಲ. ಆಗುಂಬೆ ಘಾಟಿಯ 14 ತಿರುವು, ಮಂಜು, ಅದರ ಮೇಲೆ ಈ ಹಳೇ ಕಾರಿನ ಮಂಕು ಹೆಡ್‌ಲೈಟ್.

ಗ್ಯಾರೇಜಿನವರು ಸ್ಟೇರಿಂಗ್ ಪಕ್ಕದ ಸ್ವಿಚ್ಚನ್ನೇ ಪೂರ್ತಿ ಬದಲಿಸಬೇಕು ಅಂದಿದ್ದರು. ಮಧ್ಯಾಹ್ನ ಶೆಡ್ಡಿನಲ್ಲಿ ಮಲ್ಟಿಮೀಟರ್ ಹಿಡಿದು ಕೂತೆ. ಸ್ವಿಚ್ ಚೆನ್ನಾಗೇ ಇದೆ. ಈ ಕಾರಿನಲ್ಲಿ ಅದು ರಿಲೇಗೆ, ಅಂದರೆ ಸಣ್ಣ ಕರೆಂಟು ಸಿಕ್ಕರೆ ದೊಡ್ಡ ಕರೆಂಟು ಹಾಯಿಸುವ ಪುಟ್ಟ ಡಬ್ಬಿಗೆ, ಅಪ್ಪಣೆ ಕೊಡುತ್ತೆ, ಅಷ್ಟೇ. ದೀಪದ ಕರೆಂಟೆಲ್ಲ ಹರಿಯುವುದು ರಿಲೇ ಒಳಗಿಂದ. ಅದರ 85, 86 ಕಾಲುಗಳ ನಡುವೆ 80 ಓಮ್ ಬಂತು. ಒಳಗಿನ ತಂತಿ ಸುರುಳಿ, ಅಂದರೆ ಕಾಯಿಲ್, ಸರಿ ಇದೆ.

ಅಪ್ಪ ಬಂದು ನಿಂತರು. ಆ ಕಾಲುಗಳಿಗೆ ಬ್ಯಾಟರಿ ಕೊಟ್ಟು, ದೀಪದ ಕರೆಂಟು ಹರಿಯುವ 30, 87 ಕಾಲುಗಳಿಗೆ ಮೀಟರ್ ಹಿಡಿದೆ.

"ಟಕ್ ಅಂತಲ್ಲ, ಮತ್ತೇನು? ಸರಿ ಇದೆ ಬಿಡು."

"ಕಾಯಿಲ್ ಎಳೀತು ಅಂತ ಅಷ್ಟೇ ಅಪ್ಪ. ಒಳಗೆ ಕರೆಂಟು ದಾಟಿಸುವ ಕಾಂಟ್ಯಾಕ್ಟ್ ಸುಟ್ಟಿದ್ದರೂ ಟಕ್ ಅನ್ನುತ್ತೆ."

"ಮೀಟರೂ ಕುಂಯ್ ಅಂತಲ್ಲ?"

ಅಲ್ಲೇ ಇರುವುದು ಮೋಸ. ಮೀಟರ್ ಹಾಯಿಸುವ ಕರೆಂಟು ತೀರಾ ಕಡಿಮೆ, 0.2 ಓಮ್ ಅಡ್ಡಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಎರಡು 55 ವ್ಯಾಟ್ ಬಲ್ಬಿಗೆ ಸುಮಾರು 9 ಆಂಪಿಯರ್ ಹರಿಯುವಾಗ ಅಷ್ಟೇ ಅಡ್ಡಿ ಹತ್ತಿರ ಹತ್ತಿರ 2 ವೋಲ್ಟ್ ತಿಂದುಹಾಕುತ್ತೆ. ರಿಲೇಯನ್ನು ಸಾಕೆಟ್ಟಿನಿಂದ ಚೂರು ಮೇಲೆತ್ತಿ, ದೀಪ ಹಾಕಿಸಿ, 30 ಮತ್ತು 87ಕ್ಕೆ ಮೀಟರಿನ ಕಡ್ಡಿ ತಾಗಿಸಿದೆ. 1.8 ವೋಲ್ಟ್! 0.2ರ ಒಳಗಿರಬೇಕಿತ್ತು. ಅಪ್ಪ ಬಗ್ಗಿ ನೋಡಿದರು. ಮೀಟರನ್ನು ಎತ್ತಿ ದೂರ ಹಿಡಿದು ಮತ್ತೆ ನೋಡಿದರು.

ಮುಚ್ಚಳ ಬಿಚ್ಚಿದರೆ ಕಾಂಟ್ಯಾಕ್ಟ್ ಮೇಲೆ ಕಪ್ಪು ಗುಳಿ, ಪಕ್ಕದ ಪ್ಲಾಸ್ಟಿಕ್ ಕಂದಿಹೋಗಿದೆ. ಅಪ್ಪ ಸ್ಯಾಂಡ್‌ಪೇಪರ್ ತರಲು ಹೊರಟರು. ಬೇಡ ಅಂದೆ. ಉಜ್ಜಿದರೆ ಬೆಳ್ಳಿಯ ಪದರ ಹೋಗಿ ಇನ್ನೂ ಬೇಗ ಸುಡುತ್ತೆ. ಹಾರ್ನಿನ ರಿಲೇಯೂ ಅದೇ ನಂಬರಿನದು. ಅದನ್ನು ತೆಗೆದು ಹಾಕಿದೆ. ಶೆಡ್ಡಿನ ಗೋಡೆ ಬೆಳ್ಳಗಾಯಿತು! ಎಷ್ಟು ಖುಷಿಯಾಯಿತು ಅಂದರೆ, ಅಮ್ಮನನ್ನೂ ಕರೆದು ತೋರಿಸಿದೆ.

ಹಾರ್ನ್ ಇಲ್ಲದೆ ಘಾಟಿ ಇಳಿಯುವ ಹಾಗಿಲ್ಲ, ಬೆಳಿಗ್ಗೆ ಪೇಟೆಯಲ್ಲಿ ಹೊಸ ರಿಲೇ ತರಬೇಕು. ಅದೇನು ದೊಡ್ಡ ವಿಷಯವಲ್ಲ. ಅಪ್ಪ ಮೀಟರನ್ನು ಅಷ್ಟು ದೂರ ಹಿಡಿದರಲ್ಲ, ಈಗ ಕಾಡುತ್ತಿರುವುದು ಅದು. ಕಣ್ಣು ತೋರಿಸಿ ಎಷ್ಟು ದಿನ ಆಯಿತೋ. ರಾತ್ರಿ ಓಡಿಸಬೇಡಿ ಅಂದರೆ ಕೇಳುವವರಲ್ಲ, ಅದೂ ಅತ್ತೆ ವಿಷಯದಲ್ಲಿ. ನಾನೇ ಓಡಿಸುತ್ತೇನೆ ಅನ್ನಬಹುದು. ಸೋಮವಾರ ರಜೆ ಕೇಳಿದರೆ ಆಫೀಸಿನಲ್ಲಿ...