ಕತ್ತಲಾದ ಮೇಲೆ ಹೊರಗೆ ಬರುವವರು

ದಸರಾ ರಜೆಗೆ ಅಕ್ಕನ ಮಗಳು ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಬಂದಿದ್ದಳು. ಒಂಬತ್ತನೇ ಕ್ಲಾಸು. ಬಂದ ದಿನ ಸಂಜೆ ಅಮ್ಮ ಅವಳಿಗೆ "ಪುಟ್ಟಿ, ಹೋಗಿ ಒಂದು ಪ್ಯಾಕೆಟ್ ಹಾಲು ತಗೊಂಡು ಬಾರೆ" ಅಂದರು. ಅಂಗಡಿ ನಮ್ಮ ಮನೆಯಿಂದ ನಾಲ್ಕನೇ ಮನೆ. ಅವಳು ಹೂಂ ಅಂದಳು, ಮುಖ ತೊಳೆದಳು, ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು, ಇಪ್ಪತ್ತು ನಿಮಿಷ ಆದರೂ ಹೊರಗೆ ಬರಲಿಲ್ಲ. ಕೊನೆಗೆ ಹಾಲು ನಾನೇ ತಂದೆ. ವಾಪಸ್ ಬಂದು ನೋಡಿದರೆ ಕನ್ನಡಿ ಮುಂದೆ ನಿಂತು ಹಣೆಯ ಮೇಲಿನ ಎರಡು ಮೊಡವೆಗೆ ಕಲೆ ಮುಚ್ಚುವ ಕನ್ಸೀಲರ್ ಹಚ್ಚುತ್ತಿದ್ದಳು. ಉಂಗುರದ ಬೆರಳ ತುದಿಯಿಂದ ಮೆಲ್ಲಗೆ ಒತ್ತುವುದು, ದೂರ ಸರಿದು ನೋಡುವುದು, ಮತ್ತೆ ಒತ್ತುವುದು. ಗಾಯಕ್ಕೆ ಔಷಧಿ ಹಚ್ಚುವವರ ಹಾಗೆ ಅಷ್ಟು ಜೋಪಾನವಾಗಿ.

ಅಮ್ಮ ಬೈದರು. ನನಗೆ ಬೈಯಲು ಬಾಯಿ ಬರಲಿಲ್ಲ.

ಮರುದಿನ ಬೆಳಿಗ್ಗೆಯಿಂದಲೇ ಮಳೆ. ಹತ್ತು ಗಂಟೆಗೆ ಕರೆಂಟ್ ಹೋಯಿತು. ಅವಳು ಕಿಟಕಿ ಪಕ್ಕ ಕೂತು ಮೊಬೈಲಿನಲ್ಲಿ ಏನನ್ನೋ ಮೇಲಕ್ಕೆ ತಳ್ಳುತ್ತಾ ಓದುತ್ತಿದ್ದಳು. ಇಣುಕಿದೆ. 'ಟ್ರೂ ಬ್ಯೂಟಿ'. ಹೆಸರು ಕೇಳಿದ್ದೆ, ಓದಿರಲಿಲ್ಲ. ನಾನು ಕೆಲವು ವರ್ಷಗಳಿಂದ 'ಲುಕಿಸಂ' ಓದುತ್ತಾ ಬಂದವನು ಅಂದಾಗ ಅವಳಿಗೆ ನಂಬಿಕೆಯೇ ಬರಲಿಲ್ಲ. "ಮಾಮ, ನೀನು ವೆಬ್‌ಟೂನ್ ಓದ್ತೀಯಾ?" ಕೊನೆಗೆ ಒಂದು ಒಪ್ಪಂದ ಆಯಿತು. ಇವತ್ತು ನನ್ನದನ್ನು ಅವಳು ಓದಬೇಕು, ಅವಳದನ್ನು ನಾನು. ಪವರ್ ಬ್ಯಾಂಕ್ ಒಂದೇ ಇತ್ತು, ಅದನ್ನು ಸರದಿ ಮೇಲೆ ಹಂಚಿಕೊಂಡೆವು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಎರಡೂ ಕೊರಿಯಾದ ನೇವರ್ ವೆಬ್‌ಟೂನ್ ಎಂಬ ಆನ್‌ಲೈನ್ ತಾಣದಲ್ಲಿ ವಾರವಾರ ಬಂದ ಕಾಮಿಕ್ಸ್. ಮೊಬೈಲಿಗೆಂದೇ ಉದ್ದುದ್ದಕ್ಕೆ ಬರೆದದ್ದು. ಪುಟ ತಿರುಗಿಸುವ ಮಾತೇ ಇಲ್ಲ, ಸುಮ್ನೆ ಕೆಳಗೆ ಇಳಿಯುತ್ತಾ ಹೋಗುವುದು. 'ಲುಕಿಸಂ' ಪಾರ್ಕ್ ತೇಜುನ್ ಅವರದು, 2014ರ ನವೆಂಬರ್‌ನಲ್ಲಿ ಶುರುವಾಗಿ 500 ಕಂತು ದಾಟಿದೆ. 'ಟ್ರೂ ಬ್ಯೂಟಿ' ಯಾವೊಂಗಿ ಎಂಬ ಹೆಸರಿನಲ್ಲಿ ಬರೆಯುವ ಕಲಾವಿದೆಯದು. 2018ರಲ್ಲಿ ಶುರುವಾಗಿ 2023ರಲ್ಲಿ ಮುಗಿಯಿತು. ಕೊರಿಯನ್ ಭಾಷೆಯಲ್ಲಿ ಅದರ ಹೆಸರು 'ಯೊಶಿನ್ ಗಾಂಗ್ನಿಮ್', ಅಂದರೆ ದೇವತೆ ಇಳಿದು ಬಂದಳು ಅಂತ.

'ಲುಕಿಸಂ' ಹುಡುಗನ ಹೆಸರು ಪಾರ್ಕ್ ಹ್ಯುಂಗ್‌ಸೊಕ್, ಇಂಗ್ಲಿಷ್ ಆವೃತ್ತಿಯಲ್ಲಿ ಡ್ಯಾನಿಯಲ್. ಕುಳ್ಳ, ದಪ್ಪ, ಬಡವ. ಶಾಲೆಯಲ್ಲಿ ಹೊಡೆತ ತಿನ್ನುವುದೇ ಅವನ ಪಾಡು. ಕೊರಿಯಾದಲ್ಲಿ ಇಂಥವರಿಗೆ 'ವಾಂಗ್ತಾ' ಅನ್ನುತ್ತಾರೆ, ಇಡೀ ಕ್ಲಾಸು ಸೇರಿ ಹೊರಗಿಟ್ಟವನು. ಗೂಂಡಾ ಹುಡುಗರಿಗೆ ಕ್ಯಾಂಟೀನಿನಿಂದ ತಿಂಡಿ ತಂದುಕೊಡುತ್ತಾ ಓಡಾಡುವವನಿಗೆ 'ಪಾಂಗ್ ಶಟಲ್' ಅಂತ ಬೇರೆಯದೇ ಹೆಸರಿದೆ. ಪಾಂಗ್ ಅಂದರೆ ಬ್ರೆಡ್. ಈ ಕೆಲಸಕ್ಕೆ ಒಂದು ಹೆಸರೇ ಹುಟ್ಟಿಕೊಂಡಿದೆ ಅಂದರೆ ಅದು ಎಷ್ಟು ಮಾಮೂಲಾಗಿರಬೇಕು ನೋಡಿ. ಡ್ಯಾನಿಯಲ್ ತಾಯಿಯನ್ನು ಒಪ್ಪಿಸಿ ಸಿಯೋಲ್‌ನ ಬೇರೆ ಶಾಲೆಗೆ ಸೇರುತ್ತಾನೆ. ಅಲ್ಲಿ ಒಂದು ದಿನ ಎದ್ದು ನೋಡಿದರೆ ಅವನಿಗೆ ಎರಡು ದೇಹ. ಹೊಸದು ಎತ್ತರ, ಸುಂದರ, ಬಲಶಾಲಿ. ಹಳೆಯದು ಪಕ್ಕದಲ್ಲೇ ಮಲಗಿದೆ. ಒಂದು ಮಲಗಿದರೆ ಇನ್ನೊಂದು ಏಳುತ್ತದೆ.

'ಟ್ರೂ ಬ್ಯೂಟಿ'ಯಲ್ಲಿ ಮಾಯೆ ಮಂತ್ರ ಏನೂ ಇಲ್ಲ. ಜುಗ್ಯೊಂಗ್ ಎಂಬ ಹುಡುಗಿ ಮುಖದ ಕಾರಣಕ್ಕೆ ಹೀಗಳಿಕೆ ತಿಂದು, ವಿಡಿಯೋ ನೋಡಿ ನೋಡಿ ಮೇಕಪ್ ಕಲಿತು, ಹೈಸ್ಕೂಲಿನಲ್ಲಿ ದೇವತೆ ಅನ್ನಿಸಿಕೊಳ್ಳುತ್ತಾಳೆ. ಆಮೇಲೆ ಅವಳ ಜೀವನವೆಲ್ಲ ಒಂದೇ ಭಯ. ಯಾರಾದರೂ ಬರೀ ಮುಖ ನೋಡಿಬಿಟ್ಟರೆ?

ಮಧ್ಯಾಹ್ನದ ಹೊತ್ತಿಗೆ ನನಗೆ ಈ ಭಯ ಚೆನ್ನಾಗಿ ಹಿಡಿಯಿತು. ಮೊದಲು ನಾನು ಇದೊಂದು ಲವ್ ಸ್ಟೋರಿ ಅಂದುಕೊಂಡಿದ್ದೆ. ಲವ್ ಸ್ಟೋರಿ ಹೌದು, ಸುಹೋ ಮತ್ತು ಸೊಜುನ್ ಎಂಬ ಇಬ್ಬರು ಹುಡುಗರಲ್ಲಿ ಯಾರು ಅನ್ನುವ ಎಳೆದಾಟ ನನಗೆ ಜಾಸ್ತಿ ಅನ್ನಿಸಿತು. ಆದರೆ ಬೆಳಿಗ್ಗೆ ಬೇಗ ಎದ್ದು ಆ ಹುಡುಗಿ ಒಂದೊಂದೇ ಪದರ ಹಚ್ಚುವುದು, ಮಳೆಗೆ, ಬೆವರಿಗೆ, ಈಜುಕೊಳಕ್ಕೆ, ಗೆಳತಿಯರ ಮನೆಯಲ್ಲಿ ಮಲಗುವುದಕ್ಕೆಲ್ಲ ಹೆದರುವುದು, ಇದನ್ನು ಅನುಭವಿಸಿದವರ ಕಣ್ಣಲ್ಲೇ ನೋಡಿದ ಹಾಗಿದೆ. ಡ್ಯಾನಿಯಲ್‌ಗೆ ಚಂದದ ದೇಹ ಸುಮ್ನೆ ಸಿಕ್ಕಿತು. ಇವಳು ದಿನಾ ಹೊಸದಾಗಿ ಮಾಡಿಕೊಳ್ಳಬೇಕು, ರಾತ್ರಿ ಒರೆಸಿ ತೆಗೆಯಬೇಕು.

ಅತ್ತ ನಮ್ಮ ಪುಟ್ಟಿ 'ಲುಕಿಸಂ' ಓದುತ್ತಾ ಒಂದು ಕಡೆ ನಿಂತುಬಿಟ್ಟಿದ್ದಳು. ಡ್ಯಾನಿಯಲ್ ಹಳೇ ಊರಿನಲ್ಲಿದ್ದಾಗ ಶಾಲೆಯ ಅವಮಾನವನ್ನೆಲ್ಲ ತಂದು ತಾಯಿಯ ಮೇಲೆ ಕಾರಿಕೊಳ್ಳುತ್ತಾನಲ್ಲ, ಅಲ್ಲಿ. "ಅಮ್ಮ ಏನು ಮಾಡಿದ್ಳು ಪಾಪ, ಅವಳ ಮೇಲ್ಯಾಕೆ ಕೂಗ್ತಾನೆ?" ಅಂದಳು.

ನಾನು ಅವಳಿಗೆ ಚಪಾತಿ ಕಥೆ ಹೇಳಿದೆ. ಅಕ್ಕನಿಗೂ ಇದು ಗೊತ್ತಿಲ್ಲ.

ಎಂಟನೇ ಕ್ಲಾಸಿನಲ್ಲಿ ನಾನು ತುಂಬಾ ದಪ್ಪ ಇದ್ದೆ. ಮಧ್ಯಾಹ್ನ ಊಟದ ಬೆಲ್ ಹೊಡೆದ ತಕ್ಷಣ ಹಿಂದಿನ ಬೆಂಚಿನ ಮೂವರು ಬಂದು ನನ್ನ ಡಬ್ಬಿ ಕಿತ್ತುಕೊಂಡು ಮುಚ್ಚಳ ತೆಗೆಯುತ್ತಿದ್ದರು. ತಿನ್ನುವುದಕ್ಕಲ್ಲ. ಎಣಿಸುವುದಕ್ಕೆ. ಒಬ್ಬ ಒಂದೊಂದೇ ಚಪಾತಿ ಎತ್ತಿ ಹಿಡಿಯುತ್ತಿದ್ದ, ಇಡೀ ಕ್ಲಾಸು ಒಂದು, ಎರಡು, ಮೂರು ಅಂತ ಕೂಗುತ್ತಿತ್ತು. ನಾಲ್ಕು ಬಂದರೆ ಚಪ್ಪಾಳೆ. ಹುಡುಗಿಯರ ಸಾಲಿನಲ್ಲೂ ಕೆಲವರು ನಗುತ್ತಿದ್ದರು, ಕೆಲವರು ತಲೆ ಬಗ್ಗಿಸಿಕೊಂಡು ತಮ್ಮ ಡಬ್ಬಿ ನೋಡುತ್ತಿದ್ದರು. ಆ ಚಪಾತಿಗಳ ಮೇಲೆ ಅವನ ಬೆರಳಿನ ಇಂಕು ಹತ್ತಿರುತ್ತಿತ್ತು. ಒಂದು ದಿನ ಮನೆಗೆ ಬಂದು ಅಮ್ಮನ ಮೇಲೆ ಎಗರಾಡಿದೆ. ನಾಳೆಯಿಂದ ಒಂದೇ ಚಪಾತಿ ಹಾಕು, ನಿನ್ನಿಂದಲೇ ನಾನು ಹಿಂಗಾಗಿದ್ದು ಅಂತ ಕಿರುಚಿದೆ. ಅಮ್ಮ ಏನೂ ಕೇಳಲಿಲ್ಲ. ಮರುದಿನ ಒಂದೇ ಚಪಾತಿ ಇತ್ತು, ಆದರೆ ಅದು ಎರಡರಷ್ಟು ದಪ್ಪ ಇತ್ತು.

ಆ ವರ್ಷವೇ ನಾನು ಹಗಲು ಹೊತ್ತು ಅಂಗಡಿಗೆ ಹೋಗುವುದನ್ನು ಬಿಟ್ಟೆ. ಅದೇ ಹಾಲಿನ ಅಂಗಡಿ. ಪಕ್ಕದ ಕಟ್ಟೆಯ ಮೇಲೆ ಸಂಜೆ ಆರೂವರೆವರೆಗೆ ಹುಡುಗರು ಕೂತಿರುತ್ತಿದ್ದರು. ಅಮ್ಮ ಐದಕ್ಕೆ ಹೇಳಿದರೆ ನಾನು ಏಳಕ್ಕೆ ಹೋಗುತ್ತಿದ್ದೆ. ಕತ್ತಲಾದ ಮೇಲೆ ದಾರಿಯಲ್ಲಿ ಎಲ್ಲರೂ ಒಂದೇ ಥರ ಕಾಣುತ್ತಾರೆ.

ಇದನ್ನು ಹೇಳುತ್ತಿರುವಾಗಲೇ ನನಗೆ ಎರಡೂ ಕಥೆಗಳ ಒಂದು ವಿಷಯ ಹೊಳೆಯಿತು. ಡ್ಯಾನಿಯಲ್ ಹಗಲು ಸುಂದರ ದೇಹದಲ್ಲಿ ಶಾಲೆಗೆ ಹೋಗುತ್ತಾನೆ, ರಾತ್ರಿ ತನ್ನ ಹಳೇ ದೇಹದಲ್ಲಿ ಕನ್ವೀನಿಯನ್ಸ್ ಸ್ಟೋರ್‌ನಲ್ಲಿ ದುಡಿಯುತ್ತಾನೆ. ಜುಗ್ಯೊಂಗ್ ಹಗಲು ದೇವತೆ, ಮೇಕಪ್ ತೆಗೆದ ಮೇಲೆ ಕನ್ನಡಕ ಹಾಕಿ, ತನಗಿಷ್ಟವಾದ ಹಾರರ್ ಕಾಮಿಕ್ಸ್ ಓದುವುದಕ್ಕೆ ಬಾಡಿಗೆ ಪುಸ್ತಕದ ಅಂಗಡಿಗೆ ಹೋಗುತ್ತಾಳೆ. ಇಬ್ಬರ ನಿಜವಾದ ಮೈ ಮುಖ ಹೊರಗೆ ಕಾಲಿಡುವುದು ಯಾರೂ ಗುರುತು ಹಿಡಿಯದ ಹೊತ್ತಿನಲ್ಲಿ. ಬರೆದವರಿಬ್ಬರೂ ಬೇರೆ ಬೇರೆ, ಒಂದರಲ್ಲಿ ಹೊಡೆದಾಟ, ಇನ್ನೊಂದರಲ್ಲಿ ಪ್ರೀತಿ, ಆದರೂ ಕಾಟ ತಿಂದ ಮಕ್ಕಳ ದಿನಚರಿ ಮಾತ್ರ ಇಬ್ಬರಿಗೂ ಸರಿಯಾಗಿ ಗೊತ್ತು.

ಯಾವುದು ಒಳ್ಳೆಯದು ಅಂತ ಪುಟ್ಟಿ ಕೇಳಿದಳು. 'ಲುಕಿಸಂ' ಮೊದಲ ಭಾಗ ಅಂತ ನಾನು ಹೇಳಿದೆ, ಈಗಲೂ ಅದನ್ನೇ ಹೇಳುತ್ತೇನೆ. ಯಾಕೆಂದರೆ ಅಲ್ಲಿ ಹುಡುಗ ಅವನೇ, ಮನಸ್ಸು ಅದೇ, ಮೈ ಬದಲಾದ ಮಾತ್ರಕ್ಕೆ ಎದುರಿಗಿದ್ದವರ ದನಿ ಬದಲಾಗುತ್ತದೆ. ಹಗಲು ಅಂಗಡಿಯಲ್ಲಿ ಪ್ರೀತಿಯಿಂದ ಮಾತಾಡಿಸುವ ಅದೇ ಜಗತ್ತು ರಾತ್ರಿ ಅವನಿಗೆ ಚಿಲ್ಲರೆ ಎಸೆಯುವ ಥರ ನಡೆದುಕೊಳ್ಳುತ್ತದೆ. ತಪ್ಪು ಆ ಹುಡುಗನ ಮೈಯಲ್ಲಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷಿ ಬೇಕಾ? ನನಗೆ ಇದು ಎಂಟನೇ ಕ್ಲಾಸಿನಲ್ಲಿ ಸಿಕ್ಕಿದ್ದರೆ ಅನ್ನಿಸುತ್ತದೆ. 2022ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಎಂಟು ಕಂತಿನ ಅನಿಮೇಷನ್ ಕೂಡ ಈ ಮೊದಲ ಭಾಗವನ್ನೇ ಹಿಡಿದುಕೊಂಡಿದೆ. ಮುಂದೆ ಹೋದಂತೆ ಕಥೆ ಗ್ಯಾಂಗುಗಳ ಕಡೆ ವಾಲಿ, ಯಾರು ಯಾರನ್ನು ಹೊಡೆದರು ಅನ್ನುವುದೇ ಮುಖ್ಯವಾಗುತ್ತದೆ. ಅದನ್ನೂ ಓದಿದ್ದೇನೆ, ಖುಷಿಯಿಂದಲೇ ಓದಿದ್ದೇನೆ, ಆದರೆ ಆ ದಪ್ಪ ಹುಡುಗನನ್ನು ಎಷ್ಟೋ ಕಂತು ಹುಡುಕಬೇಕಾಗುತ್ತದೆ.

ಪುಟ್ಟಿ ಒಪ್ಪಲಿಲ್ಲ. "ಅವನಿಗೇನು ಮಾಮ, ಸಿಕ್ಕಿಬಿದ್ದರೂ ಯಾರಿಗೂ ಅವನೇ ಇವನು ಅಂತ ಗೊತ್ತಾಗಲ್ಲ. ಎರಡು ಮೈ ಇದೆ. ಜುಗ್ಯೊಂಗ್‌ಗೆ ಇರೋದು ಒಂದೇ ಮುಖ."

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. 2020ರ ಕೊನೆಯಲ್ಲಿ ಬಂದ 'ಟ್ರೂ ಬ್ಯೂಟಿ'ಯ ಕೊರಿಯನ್ ಸೀರಿಯಲ್ ಅನ್ನೂ ಅವಳು ನೋಡಿದ್ದಾಳೆ, ಮೂನ್ ಗಾಯೊಂಗ್ ಮತ್ತು ಚಾ ಉನ್‌ವೂ ನಟಿಸಿರುವುದು. ಅದರಲ್ಲಿ ಹಳೇ ಶಾಲೆಯ ಕಾಟವನ್ನು ಬಹಳ ಕಠೋರವಾಗಿ ತೋರಿಸಿದ್ದಾರೆ. ಆ ಕಾಟದ ಹಳೇ ವಿಡಿಯೋ ಹೊಸ ಶಾಲೆಯಲ್ಲಿ ಎಲ್ಲರ ಮೊಬೈಲಿಗೂ ಬರುತ್ತದೆ. ಅದನ್ನು ಹೇಳುವಾಗ ಅವಳ ದನಿ ಸಣ್ಣದಾಯಿತು. ತಮ್ಮ ಕ್ಲಾಸಿನ ಗ್ರೂಪಿನಲ್ಲಿ ಒಬ್ಬಳ ಫೋಟೋ ಹಾಕಿ ಮೊಡವೆಯ ಸುತ್ತ ಗೋಲ ಎಳೆದಿದ್ದರು ಅಂದಳು. ಒಬ್ಬಳು ಅಂದರೆ ಯಾರು ಅಂತ ನಾನು ಕೇಳಲಿಲ್ಲ. ಅವಳ ಹಣೆಯ ಕಡೆ ನೋಡದೆ ಇರುವುದಕ್ಕೆ ಕಷ್ಟಪಟ್ಟೆ. ನನ್ನ ಕಾಲದಲ್ಲಿ ಶಾಲೆ ಬಿಟ್ಟರೆ ಕಾಟ ಮುಗಿಯುತ್ತಿತ್ತು, ರಜೆಯಲ್ಲಿ ಉಸಿರಾಡಬಹುದಿತ್ತು. ಇವಳದು ರಜೆಗೂ ಜೇಬಿನಲ್ಲಿ ಜೊತೆಗೇ ಬಂದಿತ್ತು.

ಇಬ್ಬರಿಗೂ ಒಂದು ತಕರಾರು ಮಾತ್ರ ಒಂದೇ ಇತ್ತು. ಚಂದ ಅನ್ನುವುದನ್ನು ಎರಡೂ ಕಥೆಗಳು ಒಂದೇ ಅಚ್ಚಿನಲ್ಲಿ ಬರೆಯುತ್ತವೆ. ಎತ್ತರ, ತೆಳು, ಬಿಳಿ, ದೊಡ್ಡ ಕಣ್ಣು, ಚೂಪು ಗಲ್ಲ. ಪಾರ್ಕ್ ತೇಜುನ್ ಕಾಮಿಕ್ಸ್‌ಗೆ ಮೊದಲು ಚಂದದ ಮುಖಕ್ಕೇ ಹೆಸರಾದವರು, ಕೊರಿಯಾದಲ್ಲಿ ಅಂಥವರನ್ನು 'ಉಲ್ಜಾಂಗ್' ಅನ್ನುತ್ತಾರೆ. ಯಾವೊಂಗಿ ತಮ್ಮ ಮುಖ ತೋರಿಸಿದಾಗ ನಾಯಕಿಯ ಹಾಗೇ ಇದ್ದಾರೆ ಅಂತ ಓದುಗರು ಬೆರಗಾದರು. ಚಂದದವರಿಗೆ ಸಿಗುವ ಮರ್ಯಾದೆ ಎಷ್ಟು ಅನ್ನುವುದು ಇವರಿಬ್ಬರಿಗೂ ಒಳಗಿನಿಂದ ಗೊತ್ತಿರಬೇಕು, ಅದಕ್ಕೇ ಆ ಭಾಗ ಅಷ್ಟು ನಿಖರವಾಗಿದೆ. ಆದರೆ ಕಪ್ಪಗಿರುವ, ದುಂಡು ಮುಖದ ಹುಡುಗಿ ಈ ಎರಡು ಕಥೆಯಲ್ಲೂ ತನ್ನನ್ನು ಎಲ್ಲಿ ಹುಡುಕಬೇಕು? ಪುಟ್ಟಿ ಇದನ್ನು ಇನ್ನೂ ನೇರವಾಗಿ ಹೇಳಿದಳು. "ನಾನು ಎಷ್ಟು ಮೇಕಪ್ ಹಾಕಿದ್ರೂ ಜುಗ್ಯೊಂಗ್ ಥರ ಆಗಲ್ಲ ಮಾಮ. ಟ್ರೈ ಮಾಡಿದೀನಿ."

ಕರೆಂಟ್ ಏಳು ಗಂಟೆಗೆ ಬಂತು. ಮಳೆಯೂ ನಿಂತಿತ್ತು. ಹೆಪ್ಪು ಹಾಕುವುದಕ್ಕೆ ಹಾಲು ಸಾಲದು ಅಂತ ಅಮ್ಮ ಒಳಗಿನಿಂದ ಕೂಗಿದರು. ನಾನು ಚಪ್ಪಲಿ ಹಾಕಿಕೊಳ್ಳುವಾಗ ಪುಟ್ಟಿಯೂ ಎದ್ದಳು. ಮುಖಕ್ಕೆ ಏನೂ ಹಚ್ಚಿರಲಿಲ್ಲ. "ಕತ್ತಲಲ್ವಾ, ನಡಿ" ಅಂದಳು.

ಅಂಗಡಿಯಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿತ್ತು, ಅದರ ಕೆಳಗೆ ಎರಡು ಮೊಡವೆ ಸ್ಪಷ್ಟವಾಗಿ ಕಾಣುತ್ತಿದ್ದವು. ಅಂಗಡಿಯವರು ಹಾಲು ಕೊಡುತ್ತಾ ಅವಳನ್ನೇ ನೋಡಿದರು. ಅವಳು ಕೈಯನ್ನು ಹಣೆಗೆ ಒಯ್ದಳು.

"ನಿಮ್ಮಕ್ಕನ ಮಗಳಲ್ವಾ? ಕೇಳೋದೇ ಬೇಡ. ಅವಳೂ ಹಿಂಗೇ ಇದ್ಳು ಈ ವಯಸ್ಸಲ್ಲಿ" ಅಂದರು.

ಅರ್ಧ ದಾರಿ ಸುಮ್ಮನೆ ನಡೆದಳು. ನೀರು ನಿಂತ ಗುಂಡಿ ದಾಟಿದ ಮೇಲೆ ಕೇಳಿದಳು, "ಅಮ್ಮಂಗೂ ಮೊಡವೆ ಇತ್ತಾ?"

"ಇತ್ತು. ನಿನಗಿಂತ ಜಾಸ್ತಿ. ರಾತ್ರಿ ಕಡಲೆಹಿಟ್ಟು ಅರಿಶಿನ ಹಚ್ಚಿಕೊಂಡು ಓದೋಕೆ ಕೂರ್ತಿದ್ಳು."

"ಫೋಟೋ ಇದೆಯಾ?"

ಮನೆಗೆ ಬಂದು ಹಾಲು ಅಡುಗೆಮನೆಯಲ್ಲಿಟ್ಟು, ಅಮ್ಮನ ಹತ್ತಿರ ಬೀರುವಿನ ಬೀಗದ ಕೈ ಇಸ್ಕೊಂಡೆವು.